ರಕ್ತ ಕ್ಯಾನ್ಸರ್ ರೋಗಿಗೆ ಜ್ವರ ಬಂದರೆ ‘ಬೆಳಗಾಗಲಿ’ ಎಂದು ಏಕೆ ಕಾಯಬಾರದು?

ಮಲೆನಾಡಿಗೆ ಮಳೆಗಾಲದ ಜ್ವರ ಹೊಸದಲ್ಲ. ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಒಂದು ಲೋಟ ಕಾಳುಮೆಣಸಿನ ಕಷಾಯ, ಒಂದು ಪ್ಯಾರಾಸಿಟಮಾಲ್ ಮಾತ್ರೆ, ಹೊದೆಯಲು ದಪ್ಪನೆಯ ಕಂಬಳಿ. ಎರಡು ದಿನ ನೋಡಿ, ಇಳಿಯದಿದ್ದರೆ ಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸುವುದು ರೂಢಿ. ಬಹುಪಾಲು ಜನರ ಬಹುಪಾಲು ಜ್ವರ ಇಷ್ಟರಲ್ಲೇ ವಾಸಿಯಾಗುತ್ತದೆ ಕೂಡ.

ಆದರೆ ಜ್ವರ ಬಂದಿರುವುದು ರಕ್ತ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವವರಿಗೆ ಎಂದಾದರೆ, ಇದೇ ರೂಢಿ ಜೀವಕ್ಕೆ ಎರವಾಗಬಹುದು. ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಕಣಗಳು ತೀರಾ ಕಡಿಮೆಯಾಗಿರುವಾಗ ಬರುವ ಜ್ವರವನ್ನು ವೈದ್ಯರು ‘ಫೆಬ್ರೈಲ್ ನ್ಯೂಟ್ರೊಪೀನಿಯಾ’ ಎನ್ನುತ್ತಾರೆ. ಹೃದಯಾಘಾತದ ಹಾಗೆಯೇ ಇದೂ ತುರ್ತು ಸ್ಥಿತಿ. ಇಲ್ಲಿ ದಿನಗಳನ್ನು ಎಣಿಸುವಂತಿಲ್ಲ, ಗಂಟೆಗಳನ್ನು ಎಣಿಸಬೇಕು. ಅದು ಏಕೆ, ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ, ದೊಡ್ಡ ಆಸ್ಪತ್ರೆಯಿಂದ ದೂರದಲ್ಲಿರುವ ತೋಟದ ಮನೆಯವರು ಮೊದಲೇ ಏನು ಸಿದ್ಧ ಮಾಡಿಕೊಂಡಿರಬೇಕು ಎಂಬುದನ್ನು ನೋಡೋಣ.

ನ್ಯೂಟ್ರೊಫಿಲ್ ಎಂದರೇನು?

ನಮ್ಮ ರಕ್ತದ ಬಿಳಿ ಕಣಗಳಲ್ಲಿ ಹಲವು ಬಗೆ. ಅವುಗಳ ಪೈಕಿ ದೊಡ್ಡವರಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ನ್ಯೂಟ್ರೊಫಿಲ್. ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಮೈಯೊಳಗೆ ನುಗ್ಗಿದ ಜಾಗಕ್ಕೆ ಮೊದಲು ಓಡಿಬರುವ ಕಣ ಇದೇ. ಬಂದು, ರೋಗಾಣುವನ್ನು ನುಂಗಿ ಕೊಲ್ಲುತ್ತದೆ. ಗಾಯದಲ್ಲಿ ನಾವು ಕಾಣುವ ಕೀವಿನ ಬಹುಭಾಗ ಹೀಗೆ ಹೋರಾಡಿ ಸತ್ತ ನ್ಯೂಟ್ರೊಫಿಲ್‌ಗಳೇ.

ಇವುಗಳ ಆಯುಷ್ಯ ಬಹಳ ಕಡಿಮೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿದರೆ, ನ್ಯೂಟ್ರೊಫಿಲ್ ರಕ್ತದಲ್ಲಿ ಸುತ್ತುವುದು ಕೆಲವು ಗಂಟೆಗಳಿಂದ ಕೆಲವು ದಿನ ಮಾತ್ರ. ಆದ್ದರಿಂದ ಮೂಳೆಯೊಳಗಿನ ಅಸ್ಥಿಮಜ್ಜೆ ಬಿಡುವಿಲ್ಲದೆ ಹೊಸದನ್ನು ತಯಾರಿಸುತ್ತಿರಬೇಕು. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳು ಹುಟ್ಟುತ್ತವೆ.

ರಕ್ತ ಕ್ಯಾನ್ಸರ್ ಈ ಕಾರ್ಖಾನೆಯನ್ನೇ ಎರಡು ಕಡೆಯಿಂದ ಹೊಡೆಯುತ್ತದೆ. ಲ್ಯುಕೇಮಿಯಾದಲ್ಲಿ ಕ್ಯಾನ್ಸರ್ ಕಣಗಳು ಅಸ್ಥಿಮಜ್ಜೆಯನ್ನು ತುಂಬಿಕೊಂಡು, ಒಳ್ಳೆಯ ಕಣಗಳು ಹುಟ್ಟಲು ಜಾಗವೇ ಇಲ್ಲದಂತೆ ಮಾಡುತ್ತವೆ. ಆ ಕ್ಯಾನ್ಸರ್ ಕೊಲ್ಲಲು ಕೊಡುವ ಕೀಮೋ, ವೇಗವಾಗಿ ಬೆಳೆಯುವ ಎಲ್ಲ ಕಣಗಳ ಮೇಲೂ ಬೀಳುವುದರಿಂದ, ಉಳಿದ ಒಳ್ಳೆಯ ಕಣಗಳ ಉತ್ಪಾದನೆಯೂ ಕೆಲಕಾಲ ನಿಲ್ಲುತ್ತದೆ. ಅನೇಕ ಕೀಮೋ ಔಷಧಗಳಲ್ಲಿ ಕೌಂಟ್ ಅತಿ ಕೆಳಗೆ ಇಳಿಯುವುದು ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ. ತೀವ್ರ ಲ್ಯುಕೇಮಿಯಾಕ್ಕೆ ಕೊಡುವ ಮೊದಲ ಹಂತದ ಬಲವಾದ ಕೀಮೋದಲ್ಲಿ ಅದು ಎರಡು ಮೂರು ವಾರ ಹಾಗೆಯೇ ತಳದಲ್ಲಿ ಉಳಿಯಬಹುದು.

ಗಮನಿಸಿ: ಎಷ್ಟೋ ಸಲ ರೋಗಿ ಆಸ್ಪತ್ರೆಯಿಂದ ಊರಿಗೆ ಬಂದು, ‘ಈಗ ಪರವಾಗಿಲ್ಲ, ಚೇತರಿಸಿಕೊಳ್ಳುತ್ತಿದ್ದಾರೆ’ ಎಂದು ಮನೆಯವರು ನಿಟ್ಟುಸಿರು ಬಿಡುವ ದಿನಗಳೇ ಕೌಂಟ್ ತಳ ಮುಟ್ಟುವ ದಿನಗಳು.

ಕೌಂಟ್ ಎಷ್ಟಿದ್ದರೆ ಅಪಾಯ?

ರಕ್ತ ಪರೀಕ್ಷೆಯ ವರದಿಯಲ್ಲಿ ನೋಡಬೇಕಾದ ಅಂಕಿಗೆ ‘ಎಎನ್‌ಸಿ’ ಎಂದು ಹೆಸರು. ಅದು ನ್ಯೂಟ್ರೊಫಿಲ್‌ಗಳ ನಿಜವಾದ ಸಂಖ್ಯೆ. ವರದಿಯಲ್ಲಿ ಬರೆದಿಲ್ಲದಿದ್ದರೆ ಲೆಕ್ಕ ಹಾಕುವುದು ಸುಲಭ. ಒಟ್ಟು ಬಿಳಿ ಕಣಗಳ ಸಂಖ್ಯೆಯನ್ನು ನ್ಯೂಟ್ರೊಫಿಲ್ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ. ಉದಾಹರಣೆಗೆ, ಒಟ್ಟು ಬಿಳಿ ಕಣ 1,200, ನ್ಯೂಟ್ರೊಫಿಲ್ ಶೇ. 20 ಇದ್ದರೆ, ಎಎನ್‌ಸಿ 240.

ಒಂದು ಮೈಕ್ರೊಲೀಟರ್ ರಕ್ತದಲ್ಲಿ 1,500ಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಇದ್ದರೆ ಸಾಮಾನ್ಯ. 500ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆ. 100ಕ್ಕಿಂತ ಕಡಿಮೆಯಾದರೆ ಅತಿ ತೀವ್ರ. ಮೇಲಿನ ಉದಾಹರಣೆಯ ರೋಗಿ ಆಗಲೇ ಅಪಾಯದ ಗೆರೆ ದಾಟಿದ್ದಾರೆ.

ಇಲ್ಲಿ ಒಂದು ತಪ್ಪು ಗ್ರಹಿಕೆ ಸಾಮಾನ್ಯ. ಲ್ಯುಕೇಮಿಯಾ ಇರುವವರ ವರದಿಯಲ್ಲಿ ಒಟ್ಟು ಬಿಳಿ ಕಣ 50,000 ಎಂದಿರಬಹುದು. ‘ಬಿಳಿ ಕಣ ಇಷ್ಟೊಂದಿದೆ, ಸೋಂಕಿನ ಭಯವಿಲ್ಲ’ ಎಂದುಕೊಳ್ಳುವಂತಿಲ್ಲ. ಅವುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದ ಕ್ಯಾನ್ಸರ್ ಕಣಗಳಾಗಿರಬಹುದು. ಕಾವಲಿಗೆ ನಿಲ್ಲುವ ನ್ಯೂಟ್ರೊಫಿಲ್ ಎಷ್ಟಿದೆ ಎಂಬುದೇ ಮುಖ್ಯ.

ಎಷ್ಟು ಬಿಸಿಯಾದರೆ ಜ್ವರ ಎನ್ನಬೇಕು?

ಹಣೆ ಮುಟ್ಟಿ ನೋಡಿ ಹೇಳುವ ಜ್ವರ ಇಲ್ಲಿ ಲೆಕ್ಕಕ್ಕಿಲ್ಲ. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಬಾಯಲ್ಲಿಟ್ಟು ಅಳೆದಾಗ ಒಂದೇ ಒಂದು ಸಲ 101 ಡಿಗ್ರಿ ಫ್ಯಾರನ್‌ಹೀಟ್ ಕಂಡರೂ ಅದು ಜ್ವರ. 100.4 ಡಿಗ್ರಿ ಒಂದು ಗಂಟೆಯಷ್ಟು ಕಾಲ ನಿಂತರೂ ಜ್ವರವೇ. ಸೆಲ್ಸಿಯಸ್‌ನಲ್ಲಿ ಇವು 38.3 ಮತ್ತು 38. ಹಲವು ಆಸ್ಪತ್ರೆಗಳು ‘100.4 ಕಂಡ ತಕ್ಷಣ ಫೋನ್ ಮಾಡಿ’ ಎಂದು ಇನ್ನೂ ಬಿಗಿಯಾದ ಸೂಚನೆ ಕೊಡುತ್ತವೆ. ನಿಮ್ಮ ವೈದ್ಯರು ಹೇಳಿದ ಅಂಕಿಯನ್ನೇ ಪಾಲಿಸಿ.

ಬಿಸಿ ಕಾಫಿ ಕುಡಿದ ಕೂಡಲೇ ಅಳೆಯಬೇಡಿ. ಒಂದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಕಂಕುಳಲ್ಲಿ ಅಳೆದರೆ ಬಾಯಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು. ಅಲ್ಲಿನ ತೆಳುವಾದ ಪೊರೆಗೆ ಗೀರು ಬಿದ್ದರೆ ಕರುಳಿನ ಬ್ಯಾಕ್ಟೀರಿಯಾಗಳು ನೇರವಾಗಿ ರಕ್ತಕ್ಕೆ ಇಳಿಯಬಹುದು.

ಜ್ವರವೇ ಇಲ್ಲದೆ ಸೋಂಕು ಆಗುವುದೂ ಉಂಟು. ವಯಸ್ಸಾದವರಲ್ಲಿ, ಹಾಗೂ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಮೈ ಬಿಸಿ ಏರದೇ ಇರಬಹುದು. ಮೈ ನಡುಗುವ ಚಳಿ, ವಿಪರೀತ ಸುಸ್ತು, ತಲೆ ಸುತ್ತು, ಮಾತಿನಲ್ಲಿ ಗೊಂದಲ, ಉಸಿರು ಮೇಲೆ ಬೀಳುವುದು, ಹೊಟ್ಟೆ ನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಜ್ವರ ಬಂದಷ್ಟೇ ತುರ್ತು ಎಂದು ತಿಳಿಯಬೇಕು.

ಕಫವಿಲ್ಲ, ಕೀವಿಲ್ಲ. ಹಾಗಾದರೆ ಸೋಂಕಿಲ್ಲವೇ?

ಈ ಕಾಯಿಲೆಯಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಇದೇ. ನಾವು ಸೋಂಕನ್ನು ಗುರುತಿಸುವುದು ಅದರ ಗುರುತುಗಳಿಂದ. ಗಾಯವಾದರೆ ಕೆಂಪಗಾಗಿ ಊದಿಕೊಳ್ಳಬೇಕು, ಕೀವು ಕಟ್ಟಬೇಕು. ಶ್ವಾಸಕೋಶದ ಸೋಂಕಾದರೆ ಹಳದಿ ಕಫ ಬರಬೇಕು. ಆದರೆ ಈ ಗುರುತುಗಳನ್ನು ಉಂಟುಮಾಡುವುದರಲ್ಲಿ ನ್ಯೂಟ್ರೊಫಿಲ್‌ಗಳದ್ದೇ ದೊಡ್ಡ ಪಾತ್ರ. ಅವೇ ಇಲ್ಲದ ಮೈಯಲ್ಲಿ ಕೀವು ಬರುವುದಾದರೂ ಎಲ್ಲಿಂದ?

ಹಾಗಾಗಿ ನ್ಯುಮೋನಿಯಾ ಇದ್ದರೂ ಕಫ ಬರದಿರಬಹುದು, ಮೊದಲ ಎಕ್ಸ್-ರೇ ಚೊಕ್ಕಟವಾಗಿ ಕಾಣಬಹುದು. ಮೂತ್ರದ ಸೋಂಕಿದ್ದರೂ ಮೂತ್ರದಲ್ಲಿ ಕೀವು ಕಣ ಸಿಗದಿರಬಹುದು. ಕೈಗೆ ಹಾಕಿದ ಪಿಕ್ ಲೈನ್ ಸುತ್ತ ಕೆಂಪಗಾಗದೆಯೇ ಅದರ ಮೂಲಕ ರಕ್ತಕ್ಕೆ ಬ್ಯಾಕ್ಟೀರಿಯಾ ಇಳಿದಿರಬಹುದು. ಬಹಳ ಸಲ ದೇಹ ಕೊಡುವ ಒಂದೇ ಒಂದು ಸೂಚನೆ ಜ್ವರ.

ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಕೀಮೋ ಸುತ್ತಿನಲ್ಲಿ ಇಂಥ ಜ್ವರ ಬರುತ್ತದೆ. ಹಾಗೆ ಜ್ವರ ಬಂದವರೆಲ್ಲರಲ್ಲೂ ರೋಗಾಣು ಪತ್ತೆಯಾಗುವುದಿಲ್ಲ. ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಗುವುದು ನಾಲ್ಕರಿಂದ ಹತ್ತು ಮಂದಿಯಲ್ಲಿ ಒಬ್ಬರಿಗೆ. ಆ ಒಬ್ಬರು ಯಾರು ಎಂದು ಜ್ವರ ಬಂದ ರಾತ್ರಿ ಯಾರಿಗೂ ಹೇಳಲಾಗದು. ಅದಕ್ಕಾಗಿಯೇ ಎಲ್ಲರಿಗೂ ಸೋಂಕಿದೆ ಎಂದೇ ಹಿಡಿದು ಚಿಕಿತ್ಸೆ ಶುರುಮಾಡಬೇಕಾಗುತ್ತದೆ.

ಕಾಯದೆ ಔಷಧ ಕೊಡುವ ಪದ್ಧತಿ ಎಲ್ಲಿಂದ ಬಂತು?

1966ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ತೀವ್ರ ಲ್ಯುಕೇಮಿಯಾ ರೋಗಿಗಳ ರಕ್ತದ ಕೌಂಟ್ ಮತ್ತು ಸೋಂಕುಗಳನ್ನು ಜೊತೆಗಿಟ್ಟು ನೋಡಿದರು. ಕೌಂಟ್ ಇಳಿದಷ್ಟೂ ಸೋಂಕು ಹೆಚ್ಚು, ಇಳಿದ ಸ್ಥಿತಿಯಲ್ಲಿ ಹೆಚ್ಚು ದಿನ ಉಳಿದಷ್ಟೂ ಇನ್ನೂ ಹೆಚ್ಚು ಎಂಬುದು ಅದರಿಂದ ಸ್ಪಷ್ಟವಾಯಿತು. ಇಂದಿಗೂ ವೈದ್ಯರು ಕೇಳುವ ಎರಡು ಪ್ರಶ್ನೆಗಳು, ‘ಕೌಂಟ್ ಎಷ್ಟು?’ ಮತ್ತು ‘ಎಷ್ಟು ದಿನದಿಂದ?’, ಈ ತಿಳಿವಳಿಕೆಯಿಂದಲೇ ಬಂದವು.

ಆ ಕಾಲದಲ್ಲಿ ಜ್ವರ ಬಂದರೆ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿ, ಯಾವ ಬ್ಯಾಕ್ಟೀರಿಯಾ ಎಂದು ತಿಳಿದ ಮೇಲೆ ಔಷಧ ಆರಿಸುವುದು ವಾಡಿಕೆ. ಬ್ಯಾಕ್ಟೀರಿಯಾ ಬೆಳೆದು ಗುರುತು ಸಿಗಲು ಒಂದೆರಡು ದಿನ ಬೇಕು. ಸ್ಯೂಡೊಮೊನಾಸ್‌ನಂಥ ರೋಗಾಣುವಾಗಿದ್ದರೆ ವರದಿ ಬರುವಷ್ಟರಲ್ಲಿ ರೋಗಿ ತೀರಿಕೊಂಡಿರುತ್ತಿದ್ದ. 1971ರಲ್ಲಿ ಸ್ಟೀಫನ್ ಶಿಂಪ್ಫ್ ಮತ್ತು ಸಂಗಡಿಗರು ವರದಿಗೆ ಕಾಯದೆ, ಜ್ವರ ಕಂಡ ಕೂಡಲೇ ಕಾರ್ಬೆನಿಸಿಲಿನ್ ಮತ್ತು ಜೆಂಟಾಮೈಸಿನ್ ಎಂಬ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟು ಬಂದ ಫಲಿತಾಂಶ ಪ್ರಕಟಿಸಿದರು. ಸಾವುಗಳು ಕಡಿಮೆಯಾದವು. ‘ಮೊದಲು ಔಷಧ, ಆಮೇಲೆ ಗುರುತು’ ಎಂಬ ಪದ್ಧತಿ ಗಟ್ಟಿಯಾದದ್ದು ಹೀಗೆ.

ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದು ನೋಂದಾಯಿಸಿಕೊಂಡ 60 ನಿಮಿಷಗಳೊಳಗೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಹೋಗಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಬಿಪಿ, ನಾಡಿ, ಉಸಿರಾಟ, ಆಮ್ಲಜನಕದ ಮಟ್ಟ ನೋಡುತ್ತಾರೆ. ಕನಿಷ್ಠ ಎರಡು ಬಾರಿ ಬೇರೆ ಬೇರೆ ಜಾಗದಿಂದ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯುತ್ತಾರೆ. ಪಿಕ್ ಲೈನ್ ಅಥವಾ ಕೀಮೋ ಪೋರ್ಟ್ ಇದ್ದರೆ ಒಂದನ್ನು ಅದರಿಂದ. ಬಾಯಿ, ಚರ್ಮ, ಗುದದ ಸುತ್ತಲಿನ ಭಾಗ, ಸೂಜಿ ಚುಚ್ಚಿದ ಜಾಗಗಳನ್ನು ಕಣ್ಣಿಟ್ಟು ನೋಡುತ್ತಾರೆ. ಸಿಬಿಸಿ, ಕಿಡ್ನಿ ಮತ್ತು ಲಿವರ್ ಪರೀಕ್ಷೆಗಳು ಜೊತೆಯಲ್ಲಿ ನಡೆಯುತ್ತವೆ. ಇವುಗಳ ವರದಿಗಾಗಿ ಆ್ಯಂಟಿಬಯಾಟಿಕ್ ತಡ ಮಾಡುವುದಿಲ್ಲ.

ಮೊದಲ ಔಷಧವನ್ನು ನರದ ಮೂಲಕವೇ ಕೊಡುತ್ತಾರೆ. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಸೆಫೆಪಿಮ್, ಮೆರೊಪೆನೆಮ್ ಸಾಮಾನ್ಯವಾಗಿ ಬಳಸುವ ಹೆಸರುಗಳು. ಯಾವುದನ್ನು ಆರಿಸಬೇಕು ಎಂಬುದು ರೋಗಿಯ ಸ್ಥಿತಿಯ ಮೇಲೆ ಮತ್ತು ಆ ಆಸ್ಪತ್ರೆಯಲ್ಲಿ ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತಿದೆ ಎಂಬುದರ ಮೇಲೆ ನಿಂತಿದೆ. ಭಾರತದ ಆಸ್ಪತ್ರೆಗಳಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಬಲವಾದ ಔಷಧಗಳಿಗೂ ಮಣಿಯದಿರುವುದು ದೊಡ್ಡ ತಲೆನೋವು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಮನೆಯಲ್ಲೇ ನುಂಗಬಾರದು ಎನ್ನುವುದಕ್ಕೆ ಇದೂ ಕಾರಣ. ಅದು ಸೋಂಕನ್ನು ಪೂರ್ತಿ ಕೊಲ್ಲುವುದಿಲ್ಲ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗದಂತೆಯೂ ಮಾಡುತ್ತದೆ.

ಮಲೆನಾಡಿನಿಂದ ಬಂದ ರೋಗಿಯಾದರೆ ಡೆಂಗಿ, ಇಲಿ ಜ್ವರದಂಥವನ್ನೂ ವೈದ್ಯರು ಯೋಚಿಸುತ್ತಾರೆ. ಅದಕ್ಕೆ ಬೇಕಾದ ಪರೀಕ್ಷೆ, ಬೇಕಾದರೆ ಔಷಧ ಸೇರಿಸುತ್ತಾರೆ. ಆದರೆ ‘ಇದು ಡೆಂಗಿ ಇರಬಹುದು’ ಎಂಬ ಅನುಮಾನದ ಮೇಲೆ ಮೊದಲ ಡೋಸ್ ನಿಲ್ಲಿಸುವಂತಿಲ್ಲ. ತೋಟದ ಕೆಲಸ, ಕೊಟ್ಟಿಗೆ, ಇಂಬಳ ಕಚ್ಚಿದ ಗಾಯ, ಇವುಗಳ ಬಗ್ಗೆ ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ.

ನಾಲ್ಕರಿಂದ ಏಳು ದಿನವಾದರೂ ಜ್ವರ ಬಿಡದಿದ್ದರೆ ಶಿಲೀಂಧ್ರದ ಅನುಮಾನ ಬರುತ್ತದೆ. ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ, ಆಂಫೊಟೆರಿಸಿನ್, ವೊರಿಕೊನಜೋಲ್, ಕ್ಯಾಸ್ಪೊಫಂಜಿನ್‌ನಂಥ ಔಷಧ ಶುರುಮಾಡುತ್ತಾರೆ. 2021ರಲ್ಲಿ ಕೋವಿಡ್ ನಂತರ ಎಲ್ಲರ ಬಾಯಲ್ಲಿದ್ದ ‘ಬ್ಲ್ಯಾಕ್ ಫಂಗಸ್’ ಕೂಡ ರಕ್ತ ಕ್ಯಾನ್ಸರ್ ವಾರ್ಡ್‌ಗಳಿಗೆ ಅದಕ್ಕೂ ಮೊದಲೇ ಪರಿಚಿತವಾಗಿದ್ದ ಶತ್ರು.

ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದೇ?

ಕೆಲವರಿಗೆ ಸಾಧ್ಯ. ರೋಗಿಯ ಅಪಾಯವನ್ನು ಅಳೆಯಲು ‘ಮ್ಯಾಸ್ಕ್’ ಎಂಬ ಅಂಕಪಟ್ಟಿ ಇದೆ. ಒಟ್ಟು 26 ಅಂಕ. 21 ಅಥವಾ ಹೆಚ್ಚು ಬಂದರೆ ಅಪಾಯ ಕಡಿಮೆ. ಅಂಥವರಿಗೆ ಆಸ್ಪತ್ರೆಯಲ್ಲೇ ಮೊದಲ ಡೋಸ್ ಕೊಟ್ಟು, ಕನಿಷ್ಠ ನಾಲ್ಕು ಗಂಟೆ ಗಮನಿಸಿ, ಮಾತ್ರೆಯೊಂದಿಗೆ ಮನೆಗೆ ಕಳಿಸಬಹುದು ಎನ್ನುತ್ತವೆ ಮಾರ್ಗಸೂಚಿಗಳು. ಆದರೆ ಕೌಂಟ್ 100ಕ್ಕಿಂತ ಕೆಳಗಿಳಿದು ವಾರಕ್ಕಿಂತ ಹೆಚ್ಚು ದಿನ ಹಾಗೇ ಇರುವ ತೀವ್ರ ಲ್ಯುಕೇಮಿಯಾ ರೋಗಿಗಳು ಈ ಗುಂಪಿಗೆ ಸೇರುವುದಿಲ್ಲ. ಅವರು ಆಸ್ಪತ್ರೆಯಲ್ಲೇ ಇರಬೇಕು.

ಮನೆಗೆ ಕಳಿಸಲು ಇನ್ನೊಂದು ಷರತ್ತಿದೆ. ರೋಗಿಯ ಮನೆ ಆಸ್ಪತ್ರೆಯಿಂದ ಒಂದು ಗಂಟೆಯ ದಾರಿ ಅಥವಾ ಸುಮಾರು 48 ಕಿಲೋಮೀಟರ್ ಒಳಗಿರಬೇಕು. ದಿನದ 24 ಗಂಟೆಯೂ ಜೊತೆಗೊಬ್ಬರು, ಫೋನ್ ಮತ್ತು ವಾಹನ ಇರಬೇಕು. ಕಾಯಿಲೆಯ ತೀವ್ರತೆಯಷ್ಟೇ ಮನೆಯ ದೂರವೂ ವೈದ್ಯರ ನಿರ್ಧಾರವನ್ನು ಬದಲಿಸುತ್ತದೆ.

ಸಕಲೇಶಪುರ, ಆಲೂರಿನ ಲೆಕ್ಕ

ಈ ಷರತ್ತನ್ನು ಈಗ ನಮ್ಮ ನಕ್ಷೆಯ ಮೇಲಿಟ್ಟು ನೋಡಿ. ಆಲೂರು ಪಟ್ಟಣದಿಂದ ಹಾಸನ ಹತ್ತಿರ. ಸಕಲೇಶಪುರ ಪಟ್ಟಣದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಆದರೆ ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಒಳಗಿನ ತೋಟದಿಂದ ಹೊರಟರೆ, ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ರಾತ್ರಿಯಾದರೆ ಕಾಡಾನೆ ದಾರಿಯಲ್ಲಿರಬಹುದು ಎಂಬ ಭಯ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚುತ್ತದೆ, ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ.

ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಹುಡುಕಿ ಈ ಭಾಗದವರು ಹೋಗುವ ದಾರಿ ಎರಡು. ಪೂರ್ವಕ್ಕೆ ಹೋದರೆ ಸುಮಾರು 220 ಕಿಲೋಮೀಟರ್ ದೂರದ ಬೆಂಗಳೂರು. 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇರುವುದು ಅಲ್ಲೇ. ಪಶ್ಚಿಮಕ್ಕೆ ಶಿರಾಡಿ ಘಾಟಿ ಇಳಿದರೆ ಮಂಗಳೂರು, ಮಣಿಪಾಲದ ಆಸ್ಪತ್ರೆಗಳು. ಆದರೆ 2024ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಲುವಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಸಂಚಾರ ನಿಂತಿತ್ತು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲೂ ನಿಂತಿತು. ಮಂಗಳೂರಿನಲ್ಲಿ ಕೀಮೋ ಪಡೆದು ಬಂದವರಿಗೆ ಅಂಥ ರಾತ್ರಿ ಜ್ವರ ಬಂದರೆ ತಮ್ಮ ವೈದ್ಯರ ಬಳಿಗೆ ಹೋಗಲು ದಾರಿಯೇ ಇರುವುದಿಲ್ಲ.

ಆದ್ದರಿಂದ ‘ನಮ್ಮ ಆಸ್ಪತ್ರೆ ಬೆಂಗಳೂರಿನಲ್ಲಿದೆ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ’ ಎನ್ನುವುದು ಅಪಾಯದ ಯೋಜನೆ. ಕೀಮೋ ಕೊಟ್ಟ ಆಸ್ಪತ್ರೆಗೇ ಹೋಗಬೇಕೆಂದೇನಿಲ್ಲ. ಮೊದಲ ಡೋಸ್ ಎಲ್ಲಿ ಬೇಗ ಸಿಗುತ್ತದೋ ಅಲ್ಲಿಗೆ ಹೋಗಬೇಕು. ಸಕಲೇಶಪುರದಲ್ಲಿ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆ ಇದೆ, ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಂದ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿಸಿ, ಮೊದಲ ಡೋಸ್ ಪಡೆದು, ಆಮೇಲೆ ಆಂಬುಲೆನ್ಸ್‌ನಲ್ಲಿ ಮುಂದಕ್ಕೆ ಹೋಗುವುದು ಹೆಚ್ಚು ಸುರಕ್ಷಿತ.

ಇದೆಲ್ಲ ಜ್ವರ ಬಂದ ರಾತ್ರಿ ಯೋಚಿಸುವ ವಿಷಯವಲ್ಲ. ಪ್ರತಿ ಸಲ ಕೀಮೋ ಮುಗಿಸಿ ಊರಿಗೆ ಹೊರಡುವ ಮುನ್ನ ವೈದ್ಯರನ್ನು ಐದು ಪ್ರಶ್ನೆ ಕೇಳಿ:

1. ಕೌಂಟ್ ಅತಿ ಕಡಿಮೆಯಾಗುವುದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ?
2. ಎಷ್ಟು ಡಿಗ್ರಿ ಬಂದರೆ ಹೊರಡಬೇಕು?
3. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು?
4. ನಮ್ಮೂರಿನ ಹತ್ತಿರ ಯಾವ ಆಸ್ಪತ್ರೆಗೆ ಮೊದಲು ಹೋಗಬೇಕು?
5. ಅಲ್ಲಿನ ವೈದ್ಯರಿಗೆ ತೋರಿಸಲು, ಯಾವ ಆ್ಯಂಟಿಬಯಾಟಿಕ್ ಕೊಡಬಹುದೆಂದು ಒಂದು ಚೀಟಿ ಬರೆದುಕೊಡುತ್ತೀರಾ?

ಕೌಂಟ್ ತಳದಲ್ಲಿರುವ ಆ ವಾರ ತೋಟದ ಮನೆಯ ಬದಲು ಹಾಸನದಲ್ಲೋ ಸಕಲೇಶಪುರ ಪೇಟೆಯಲ್ಲೋ ನೆಂಟರ ಮನೆಯಲ್ಲಿ ಉಳಿಯಲು ಸಾಧ್ಯವಾದರೆ, ಅದು ಯಾವ ದುಬಾರಿ ಔಷಧಕ್ಕೂ ಕಡಿಮೆಯಿಲ್ಲದ ರಕ್ಷಣೆ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆ ಈ ಅನುಕೂಲ ಸುಲಭವಾಗಿ ಸಿಗುವುದಿಲ್ಲ. ಅಂಥ ಕಡೆ ರಾತ್ರಿ ಜೀಪು ಯಾರು ತರುತ್ತಾರೆ ಎಂಬುದನ್ನು ತೋಟದವರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು. 108 ಆಂಬುಲೆನ್ಸ್ ಉಚಿತ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಆಧಾರ್, ಚಿಕಿತ್ಸೆಯ ಫೈಲ್, ಎರಡು ಜೊತೆ ಬಟ್ಟೆ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.

ನಂಬಿಕೆಗಳು ಮತ್ತು ವಾಸ್ತವ

‘ಒಂದು ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ.’ ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ. ದೇಹ ಕೊಡುತ್ತಿದ್ದ ಒಂದೇ ಸೂಚನೆಯೂ ಮರೆಯಾಗುತ್ತದೆ. ಮೊದಲು ಅಳೆಯಿರಿ, ಬರೆದಿಡಿ, ಫೋನ್ ಮಾಡಿ. ವೈದ್ಯರು ಹೇಳಿದ ಮೇಲಷ್ಟೇ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಬೇಡವೇ ಬೇಡ. ಪ್ಲೇಟ್‌ಲೆಟ್ ಕಡಿಮೆ ಇರುವವರಲ್ಲಿ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

‘ಇಲ್ಲೇ ಒಂದು ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತದೆ.’ ಸೊಂಟಕ್ಕೆ ಹಾಕುವ ಇಂಜೆಕ್ಷನ್‌ನಿಂದ ಎರಡು ತೊಂದರೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಮಾಂಸಖಂಡದೊಳಗೆ ರಕ್ತ ಹೆಪ್ಪುಗಟ್ಟಬಹುದು, ಚುಚ್ಚಿದ ಜಾಗವೇ ಸೋಂಕಿನ ಬಾಗಿಲಾಗಬಹುದು. ಯಾವುದೇ ಡಾಕ್ಟರ ಬಳಿ ಹೋದರೂ ಮೊದಲು ಹೇಳಬೇಕಾದ ಮಾತು: ‘ಇವರಿಗೆ ಕೀಮೋ ಆಗಿದೆ, ಕೌಂಟ್ ಕಡಿಮೆ ಇದೆ.’

‘ಪಪ್ಪಾಯಿ ಎಲೆಯ ರಸ, ಅಮೃತಬಳ್ಳಿ ಕಷಾಯ ಕೌಂಟ್ ಏರಿಸುತ್ತದೆ.’ ಕೀಮೋದಿಂದ ಇಳಿದ ನ್ಯೂಟ್ರೊಫಿಲ್ ಇವುಗಳಿಂದ ಏರುತ್ತದೆ ಎಂಬುದಕ್ಕೆ ನಂಬತಕ್ಕ ಪುರಾವೆ ಇಲ್ಲ. ಹಿತ್ತಲಿನಿಂದ ಕಿತ್ತು ಹಸಿಯಾಗಿ ಅರೆದ ಎಲೆಯ ರಸದ ಜೊತೆಗೆ ಮಣ್ಣಿನ ರೋಗಾಣುಗಳೂ ಹೊಟ್ಟೆ ಸೇರುತ್ತವೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ದಾಖಲಿಸಿದ್ದಾರೆ. ಕೀಮೋ ಔಷಧಗಳಿಂದ ಲಿವರ್ ಮೊದಲೇ ದಣಿದಿರುವಾಗ ಇದು ಸಣ್ಣ ಮಾತಲ್ಲ.

‘ಕೌಂಟ್ ಏರಿಸುವ ಇಂಜೆಕ್ಷನ್ ಹಾಕಿಸಿದ್ದೇವೆ, ಇನ್ನು ಭಯವಿಲ್ಲ.’ ಫಿಲ್‌ಗ್ರಾಸ್ಟಿಮ್‌ನಂಥ ಇಂಜೆಕ್ಷನ್ ಅಸ್ಥಿಮಜ್ಜೆಯನ್ನು ಚುರುಕುಗೊಳಿಸಿ, ಕೌಂಟ್ ಇಳಿದಿರುವ ದಿನಗಳನ್ನು ಕಡಿಮೆ ಮಾಡುತ್ತದೆ. ಆದರೆ ಅದು ಆ ದಿನಗಳನ್ನು ಪೂರ್ತಿ ಅಳಿಸುವುದಿಲ್ಲ. ಜ್ವರ ಬಂದರೆ ನಿಯಮ ಅದೇ.

‘ಹಸಿ ಹಣ್ಣು, ತರಕಾರಿ ಮುಟ್ಟಲೇಬಾರದು.’ ಎಲ್ಲವನ್ನೂ ಬೇಯಿಸಿಯೇ ತಿನ್ನಬೇಕೆಂಬ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮುಖ್ಯವಾದದ್ದು ಶುಚಿತ್ವ. ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು, ಆಗಷ್ಟೇ ಮಾಡಿದ ಬಿಸಿ ಊಟ, ಚೆನ್ನಾಗಿ ತೊಳೆದು ಸಿಪ್ಪೆ ತೆಗೆದ ಹಣ್ಣು. ನಿಮ್ಮ ಆಸ್ಪತ್ರೆ ಬೇರೆ ಪಥ್ಯ ಹೇಳಿದ್ದರೆ ಅದನ್ನು ಅನುಸರಿಸಿ. ಆದರೆ ಪಥ್ಯದ ಭಯದಿಂದ ರೋಗಿ ಉಪವಾಸ ಬೀಳದಿರಲಿ.

‘ರೂಮಿನಿಂದ ಆಚೆಗೇ ಬಿಟ್ಟಿರಲಿಲ್ಲ, ಆದರೂ ಸೋಂಕು ಹೇಗೆ ಬಂತು?’ ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ಒಂದು ದೂರು ಅಡಗಿರುತ್ತದೆ. ಅದು ಬೀಳುವುದು ರೋಗಿಯನ್ನು ನೋಡಿಕೊಳ್ಳುತ್ತಿರುವ ತಾಯಿಯ ಮೇಲೋ ಹೆಂಡತಿಯ ಮೇಲೋ. ವಾಸ್ತವದಲ್ಲಿ ಹೆಚ್ಚಿನ ಸೋಂಕು ಬರುವುದು ರೋಗಿಯ ಮೈಯಲ್ಲೇ ಮೊದಲಿನಿಂದ ಇದ್ದ ಬ್ಯಾಕ್ಟೀರಿಯಾಗಳಿಂದ. ಕೀಮೋ ಬಾಯಿ ಮತ್ತು ಕರುಳಿನ ಒಳಪೊರೆಯನ್ನು ಹುಣ್ಣಾಗಿಸುತ್ತದೆ. ಕರುಳಲ್ಲಿ ತಮ್ಮ ಪಾಡಿಗಿದ್ದ ಬ್ಯಾಕ್ಟೀರಿಯಾಗಳು ಆ ಹುಣ್ಣಿನ ಮೂಲಕ ರಕ್ತಕ್ಕೆ ದಾಟುತ್ತವೆ. ಎಷ್ಟೇ ಎಚ್ಚರದಿಂದ ನೋಡಿಕೊಂಡರೂ ಜ್ವರ ಬರಬಹುದು. ಅದು ಯಾರ ತಪ್ಪೂ ಅಲ್ಲ.

ಹಾಗೆಂದು ಹೊರಗಿನ ಎಚ್ಚರಿಕೆ ಬೇಡವೆಂದಲ್ಲ. ಊಟಕ್ಕೆ, ಔಷಧಕ್ಕೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯುವುದು ಅತಿ ದೊಡ್ಡ ರಕ್ಷಣೆ. ಬೂಷ್ಟು ಹಿಡಿದ ಗೋಡೆಯ ಕೋಣೆ, ಕಾಫಿ ಸಿಪ್ಪೆ ಮತ್ತು ಗೊಬ್ಬರದ ಗುಂಡಿ, ಒದ್ದೆ ಸೌದೆ, ಧೂಳೇಳುವ ಕಣ, ಇವೆಲ್ಲ ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳ ತವರು. ಕೌಂಟ್ ಕಡಿಮೆ ಇರುವ ದಿನಗಳಲ್ಲಿ ಅವುಗಳಿಂದ ದೂರ ಇರಬೇಕು. ಬರಿಗಾಲಲ್ಲಿ ತೋಟಕ್ಕೆ ಇಳಿಯಬಾರದು. ಮೃದುವಾದ ಬ್ರಷ್‌ನಿಂದ ಹಲ್ಲುಜ್ಜಿ, ಊಟವಾದ ಮೇಲೆ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕಾದ ಮಾತು

- ಮೈ ಬಿಸಿ ಅನ್ನಿಸಿದರೆ ಥರ್ಮಾಮೀಟರ್‌ನಲ್ಲಿ ಅಳೆಯಿರಿ. ಸಮಯವನ್ನೂ ಬರೆದಿಡಿ.
- 100.4 ಡಿಗ್ರಿ ಕಂಡರೆ ಫೋನ್ ಮಾಡಿ, 101 ಕಂಡರೆ ಹೊರಡಿ. ಫೋನ್ ಸಿಗದಿದ್ದರೆ ಸಿಗಲಿ ಎಂದು ಕಾಯದೆ ಹೊರಡಿ.
- ಚಳಿ ನಡುಕ, ಗೊಂದಲ, ಉಸಿರಾಟದ ಕಷ್ಟ ಇದ್ದರೆ ಡಿಗ್ರಿ ನೋಡುತ್ತಾ ಕೂರಬೇಡಿ.
- ಮೊದಲು ಹತ್ತಿರದ ಆಸ್ಪತ್ರೆ, ಮೊದಲ ಡೋಸ್. ಆಮೇಲೆ ದೊಡ್ಡ ಆಸ್ಪತ್ರೆ.
- ಒಳಗೆ ಹೋದ ಕೂಡಲೇ ಹೇಳಿ: ‘ರಕ್ತ ಕ್ಯಾನ್ಸರ್, ಕೀಮೋ ಆಗಿದೆ, ಜ್ವರ ಇದೆ.’ ಸರತಿಯಲ್ಲಿ ಕೂರಬೇಡಿ.

ಇಂಥ ಜ್ವರಗಳಲ್ಲಿ ಹೆಚ್ಚಿನವು ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ವಾಸಿಯಾಗುತ್ತವೆ. ಅಸ್ಥಿಮಜ್ಜೆ ಚೇತರಿಸಿಕೊಂಡು ಹೊಸ ನ್ಯೂಟ್ರೊಫಿಲ್‌ಗಳು ಬರುವವರೆಗೆ ಆ್ಯಂಟಿಬಯಾಟಿಕ್ ಕಾವಲು ನಿಲ್ಲುತ್ತದೆ. ಕೌಂಟ್ ಏರಿದ ಮೇಲೆ ಮುಂದಿನ ಕೀಮೋ, ಅದರ ನಂತರ ಇನ್ನೊಂದು. ಕ್ಯಾನ್ಸರ್ ಗುಣವಾಗುವ ದಾರಿ ಇಂಥ ಕೆಲವು ಅಪಾಯದ ವಾರಗಳನ್ನು ದಾಟಿಯೇ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದ್ದಕ್ಕೆ ಜೀಪಿನವರು ಗೊಣಗಬಹುದು, ಆಸ್ಪತ್ರೆಗೆ ಹೋದ ಮೇಲೆ ‘ಏನೂ ಇಲ್ಲ, ಸಾಮಾನ್ಯ ಜ್ವರ’ ಎಂದು ತಿಳಿಯಬಹುದು. ಹಾಗಾದರೆ ಒಂದು ರಾತ್ರಿಯ ನಿದ್ದೆ ಹೋಯಿತು, ಅಷ್ಟೇ.